ಗೇಟ್‌ಕೀಪರ್ ಕಂಡ ಕ್ಲೈಮ್ಯಾಕ್ಸ್

ಸಿನಿಮಾದ ಬಗ್ಗೆ ನನ್ನಷ್ಟು ಖಡಾಖಂಡಿತವಾಗಿ ಅಭಿಪ್ರಾಯ ಹೇಳುವವನು ಚಿತ್ರದುರ್ಗದಲ್ಲಿ ಇನ್ನೊಬ್ಬನಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಬೇಕಾದರೆ ಸಂಜೆ ಐದಕ್ಕೆ ಸಂತೆಹೊಂಡದ ಹತ್ತಿರ ಶಿವಗಂಗಮ್ಮನ ಮಂಡಕ್ಕಿ ಗಾಡಿಗೆ ಬಂದು ಪಾಪಣ್ಣ ಯಾರು ಎಂದು ಕೇಳಿ. ಯಾವ ಸಿನಿಮಾ ಬೇಕಾದರೂ ಎತ್ತಿ, ಯಾವ ಧಾರಾವಾಹಿ ಬೇಕಾದರೂ ಎತ್ತಿ, ಸಿಪ್ಪೆ ಸುಲಿದು ಕೈಗಿಡುತ್ತೇನೆ. ಕೊನೆಗೆ ಏನಾಯಿತು ಎಂದು ಮಾತ್ರ ಕೇಳಬೇಡಿ. ಅದು ನನಗೆ ಗೊತ್ತಿರುವುದಿಲ್ಲ.

ಮೂವತ್ತೊಂದು ವರ್ಷ ನಾನು ಟಾಕೀಸಿನಲ್ಲಿ ಗೇಟ್‌ಕೀಪರ್ ಆಗಿದ್ದೆ. ಗೇಟ್‌ಕೀಪರ್ ಎಂದರೆ ಟಿಕೆಟ್ ಹರಿಯುವವನು ಅಂತಷ್ಟೇ ಜನ ತಿಳಿದಿದ್ದಾರೆ. ಟಿಕೆಟ್ ಹರಿಯಲು ಯಾರಿಗೆ ಬರುವುದಿಲ್ಲ? ನಿಜವಾದ ಕೆಲಸ ಇರುವುದು ಸಿನಿಮಾ ಮುಗಿಯುವ ಹೊತ್ತಿಗೆ. ಪರದೆಯ ಮೇಲೆ ಶುಭಂ ಎಂದು ಬೀಳುವಾಗ ಮೂರೂ ಬಾಗಿಲುಗಳ ಚಿಲಕ ತೆಗೆದಿರಬೇಕು. ಒಂದು ನಿಮಿಷ ತಡವಾದರೆ ಗಾಂಧಿ ಕ್ಲಾಸಿನವರು ಬಾಗಿಲನ್ನೇ ಕಿತ್ತುಕೊಂಡು ಹೋಗುತ್ತಿದ್ದರು. ಬಾಗಿಲುಗಳಿಗೆ ಒಳಗಡೆಯಿಂದ ದಪ್ಪನೆಯ ಪರದೆ ಇತ್ತು. ಹೊರಗಿನ ಬಿಸಿಲು ಒಳಗೆ ಬೀಳದ ಹಾಗೆ ನಾನು ಆ ಪರದೆಯ ಹಿಂದೆ ನುಸುಳಿ ಚಿಲಕ ಎಳೆಯುತ್ತಿದ್ದೆ. ಹಾಗಾಗಿ ದಿನಕ್ಕೆ ನಾಲ್ಕು ಆಟ, ನಾಲ್ಕು ಆಟದ ಕ್ಲೈಮ್ಯಾಕ್ಸಿನಲ್ಲೂ ನಾನು ಬಾಗಿಲ ಪರದೆಯ ಹಿಂದೆ. ಕೊನೆಯನ್ನು ಕೇಳಿದ್ದೇನೆ, ನೋಡಿಲ್ಲ. ಹೊರಗೆ ಬರುವವರ ಮುಖ ನೋಡಿ ಒಳಗೆ ಏನಾಗಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ, ಅಷ್ಟೇ.

ರಜೆಯ ದಿನ ಬೇರೆ ಊರಿನ ಟಾಕೀಸಿಗೆ ಹೋಗಿ ನೋಡಬಹುದಿತ್ತಲ್ಲ ಎನ್ನುತ್ತೀರಿ. ಹೊಸದುರ್ಗಕ್ಕೆ ಹೋಗಿದ್ದೇನೆ, ಹಿರಿಯೂರಿಗೂ ಹೋಗಿದ್ದೇನೆ. ಕಾಲು ಕೇಳಬೇಕಲ್ಲ! ಕಥೆ ದಡ ಮುಟ್ಟುವ ವಾಸನೆ ಬಂದರೆ ಸಾಕು, ನನ್ನನ್ನು ಕೇಳದೆಯೇ ಎದ್ದು ನಿಲ್ಲುತ್ತವೆ. ಟಾಕೀಸು ಮುಚ್ಚಿ ಕಲ್ಯಾಣ ಮಂಟಪವಾಗಿ ಹದಿಮೂರು ವರ್ಷವಾಯಿತು. ಈಗಲೂ ಮನೆಯಲ್ಲಿ ಟಿವಿ ನೋಡುವಾಗ ಕೊನೆ ಹತ್ತಿರ ಬಂತೆಂದರೆ ಹೋಗಿ ಬೀದಿ ಬಾಗಿಲು ತೆರೆದು ನಿಲ್ಲುತ್ತೇನೆ. ನನ್ನ ಹೆಂಡತಿ ಬಸಮ್ಮ ನನ್ನ ಜೊತೆ ಸಿನಿಮಾ ನೋಡುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿದೆ.

ಮಂಡಕ್ಕಿ ಗಾಡಿಯ ಹತ್ತಿರ ಸೇರುವ ನಾವು ಮೂವರೂ ಅದೇ ಟಾಕೀಸಿನವರು. ಶಿವಗಂಗಮ್ಮ ಅಲ್ಲಿ ಕ್ಯಾಂಟೀನ್ ನಡೆಸುತ್ತಿದ್ದಳು. ಗೋಡೆಯ ಆಚೆ ಕುಳಿತು ಎಲ್ಲ ಸಿನಿಮಾವನ್ನೂ ಕಿವಿಯಲ್ಲೇ ನೋಡಿದವಳು. ಇಂದಿಗೂ ಫೋನನ್ನು ಎಣ್ಣೆ ಡಬ್ಬಕ್ಕೆ ಒರಗಿಸಿ ಧಾರಾವಾಹಿ ಹಾಕಿ, ಅದರ ಕಡೆ ತಿರುಗಿಯೂ ನೋಡದೆ ಮಿರ್ಚಿ ಕರಿಯುತ್ತಾಳೆ. ಇಮಾಮ್ ಸಾಬರು ಆಪರೇಟರ್. ಪ್ರೊಜೆಕ್ಟರಿನ ಪಕ್ಕದ ಅಂಗೈಯಗಲದ ಕಿಂಡಿಯಿಂದ ಬೆಳಕು ಸರಿ ಇದೆಯೇ, ರೀಲು ಬದಲಿಸುವ ಗುರುತು ಬಂತೇ ಎಂದು ನೋಡಿಕೊಂಡೇ ಕಾಲ ಕಳೆದವರು.

"ಆ ಹೊಸ ಸೀರೀಸು ನೋಡಿ ಮುಗಿಸ್ದೆ," ಎನ್ನುತ್ತಾರೆ ಇಮಾಮ್ ಸಾಬರು. "ಎಂಟು ಎಪಿಸೋಡು. ಬರೀ ಕತ್ತಲು. ಯಾರು ಯಾರನ್ನ ಕೊಂದ್ರು ಅಂತ ಪೊಲೀಸ್ನೋರಿಗೆ ಗೊತ್ತಾಗ್ಲಿಲ್ಲ ಅಂದ್ರೆ ಏನಾಶ್ಚರ್ಯ? ನಂಗೂ ಕಾಣ್ಲಿಲ್ಲ. ನಾನು ಅಂಗೆ ತೋರ್ಸಿದ್ರೆ ಜನ ಚಪ್ಲಿ ಎಸೀತಿದ್ರು."

"ನನ್ ಧಾರಾವಾಹೀಲಿ ಆ ಸೊಸೆ ಐತಲ್ಲ, ಅದು ಒಳ್ಳೇದಲ್ಲ ಬಿಡ್ರಿ," ಎನ್ನುತ್ತಾಳೆ ಶಿವಗಂಗಮ್ಮ.

"ನೋಡ್ದೆ ಎಂಗೆ ಹೇಳ್ತೀಯ?" ಎಂದರೆ, "ಅತ್ತೆ ಮಾತಾಡೋವಾಗ ಬಳೆ ಸದ್ದು ಮಾಡ್ತಾಳೆ. ಒಳ್ಳೆ ಸೊಸೆ ಸುಮ್ಕೆ ನಿಂತ್ಕಂತಾಳೆ," ಎಂದು ಮಿರ್ಚಿ ತಿರುಗಿಸುತ್ತಾಳೆ. ಮುಂದಿನ ವಾರ ನೋಡಿದರೆ ಆ ಸೊಸೆಯೇ ಮನೆಹಾಳಿ ಆಗಿರುತ್ತಾಳೆ. ಇದುವರೆಗೆ ಅವಳ ಕಿವಿ ತಪ್ಪಿದ್ದಿಲ್ಲ.

ನಾನು ನನ್ನ ಪಾಲಿನದ್ದು ಹೇಳುತ್ತೇನೆ. ಇಂಟರ್‌ವಲ್ ಇಲ್ಲದ್ದನ್ನು ಕಥೆ ಎನ್ನಬಾರದು. ಹೀರೊ ಬರುವುದಕ್ಕೆ ಮುನ್ನ ಹದಿನೈದು ನಿಮಿಷ ಅವನನ್ನೇ ಹೊಗಳುವ ಸಿನಿಮಾ ಉದ್ಧಾರವಾಗುವುದಿಲ್ಲ. ಮತ್ತು ಫೋನಿನಲ್ಲಿ ಬೇಗ ಬೇಗ ಓಡಿಸಿ ನೋಡುವವರಿಗೆ ಅಭಿಪ್ರಾಯ ಹೇಳುವ ಹಕ್ಕಿಲ್ಲ.

"ಕೊನೇನೇ ನೋಡ್ದಿರೋರಿಗೆ ಐತಾ, ಪಾಪಣ್ಣ ತಾತ?"

ಹೀಗೆ ನನ್ನ ಬಾಯಿ ಮುಚ್ಚಿಸುವವಳು ಮಹೇಕ್. ಇಮಾಮ್ ಸಾಬರ ಮಗಳ ಮಗಳು. ಮನೆ ಹಿರಿಯೂರಿನಲ್ಲಿ, ಬಿ.ಕಾಂ ಓದಿದ್ದು ಇಲ್ಲಿ ತಾತನ ಮನೆಯಲ್ಲಿದ್ದುಕೊಂಡು. ಮೂರು ವರ್ಷ ನಮ್ಮ ಪಕ್ಕದ ಕಲ್ಲಿನ ಮೇಲೆ ಕುಳಿತು ಮಿರ್ಚಿ ತಿನ್ನುತ್ತಾ ನಮ್ಮ ಮಾತು ಕೇಳಿದ ಹುಡುಗಿಗೆ ಲೆಕ್ಕಪತ್ರದ ಕೆಲಸ ಹಿಡಿಸೀತೇ? ಗೆಳತಿ ಬೃಂದಾಳ ಒಳ್ಳೆಯ ಫೋನಿನಲ್ಲಿ ತಾನೇ ಒಂದು ಸಣ್ಣ ಸಿನಿಮಾ ತೆಗೆದಳು, ತಾನೇ ಕತ್ತರಿಸಿ ಜೋಡಿಸಿದಳು. ಈಗ ಮೈಸೂರಿನಲ್ಲಿ ಒಂದು ವರ್ಷ ಸಿನಿಮಾ ಎಡಿಟಿಂಗ್ ಕಲಿಯಬೇಕಂತೆ. ಸೀಟು ಸಿಕ್ಕಿತ್ತು. ಫಾರ್ಮಿನಲ್ಲಿ ತಾಯಿಯ ಸಹಿ ಬೀಳಬೇಕಿತ್ತು, ಸೋಮವಾರ ಅದಕ್ಕೆ ಕಡೇ ದಿನ.

ತಾಯಿ ಸುಗ್ರಾ ಹಿರಿಯೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಬಟ್ಟೆಯನ್ನು ಹೇಗೋ ಮಾತನ್ನೂ ಹಾಗೆಯೇ ಅಳೆದು ಕತ್ತರಿಸುವ ಹೆಂಗಸು. ಲೈನಿಂಗ್ ಬಟ್ಟೆ ಕೊಳ್ಳಲು ದುರ್ಗಕ್ಕೆ ಬಂದವಳು ಆ ಗುರುವಾರ ಗಾಡಿಯ ಹತ್ತಿರವೇ ತಂದೆಯೊಂದಿಗೆ ಪಂಚಾಯಿತಿ ಶುರು ಮಾಡಿದಳು.

"ಅಬ್ಬಾ, ಸಿನಿಮಾ ನಿಮಗೇನು ಕೊಡ್ತು ಹೇಳ್ರಿ. ಕಣ್ಣು ಮಂಜಾಯ್ತು. ಟಾಕೀಸು ಮುಚ್ಚಿದ ದಿನ ಕೂರಾಕೆ ಒಂದು ಮುರುಕು ಕುರ್ಚಿ ಕೊಟ್ಟು ಕಳಿಸಿದ್ರು. ಈಗ ಇವಳೂ ಅದೇ ಹಾದಿ ಹಿಡೀಬೇಕಾ?"

ಇಮಾಮ್ ಸಾಬರು ಮಂಡಕ್ಕಿಯ ಪೊಟ್ಟಣದೊಳಗೆ ಕೈಯಾಡಿಸಿದರು. ಮಗಳ ಮುಂದೆ ಅವರ ಬಾಯಿ ಏಳುವುದಿಲ್ಲ.

"ಒಂದ್ಸಲ ನನ್ ಸಿನಿಮಾ ನೋಡು ಅಮ್ಮೀ," ಎಂದಳು ಮಹೇಕ್.

"ನಾನು ನೋಡಿದ್ರೆ ಚೆಂದಾಗೇ ಕಾಣ್ತೈತೆ, ನಾನು ಹೆತ್ತೋಳು. ಹೊರಗಿನೋರು ನೋಡ್ಲಿ." ಸುಗ್ರಾ ಬಟ್ಟೆಯ ಗಂಟನ್ನು ಕಂಕುಳಿಗೆ ಸೇರಿಸಿಕೊಂಡಳು. "ಎದ್ದು ಹೋಗೋ ಜನ ಇಲ್ದಿದ್ರೆ ಅದು ಒಳ್ಳೆ ಸಿನಿಮಾ ಅಂತ ಅಬ್ಬಾನೇ ಹೇಳ್ತಾರಲ್ಲ. ಇಪ್ಪತ್ತು ಜನಾನ ಕೂರಿಸು. ಮುಗಿಯೋಗಂಟ ಒಬ್ರೂ ಏಳ್ಬಾರ್ದು. ಏಳ್ಲಿಲ್ಲ ಅಂದ್ರೆ ಅಲ್ಲೇ ಸಹಿ ಹಾಕ್ತೀನಿ. ಒಬ್ರು ಎದ್ರೂ ಸೋಮವಾರದಿಂದ ನನ್ ಜೊತೆ ಅಂಗ್ಡೀಲಿ ಕುಂತ್ಕಳೋದು."

ಮಹೇಕಳ ಮುಖ ಸಣ್ಣಗಾಯಿತು. ಮಂದಿಯನ್ನು ಕೂರಿಸುವುದೆಂದರೆ ಸಣ್ಣ ಮಾತೇ? ಒಬ್ಬರಿಗೆ ಫೋನು ಬರುತ್ತದೆ, ಒಬ್ಬರಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತದೆ. ನನಗೆ ಆ ಮುಖ ನೋಡಲಾಗಲಿಲ್ಲ. ಎದೆ ತಟ್ಟಿಕೊಂಡು ಹೇಳಿಬಿಟ್ಟೆ: "ಒಬ್ರೂ ಏಳ್ದಂಗೆ ನೋಡ್ಕಳೋದು ನನ್ ಜವಾಬ್ದಾರಿ ಕಣಮ್ಮ. ಮೂವತ್ತೊಂದು ವರ್ಷ ಜನಾನ ಕಾದೋನು ನಾನು."

ಶಿವಗಂಗಮ್ಮ ನನ್ನನ್ನೊಮ್ಮೆ ದಿಟ್ಟಿಸಿ ನೋಡಿ, ಏನೋ ಹೇಳಲು ಬಾಯಿ ತೆರೆದು, ಮಿರ್ಚಿಯ ಕಡೆ ತಿರುಗಿದಳು. ಆಗಲೇ ಹೇಳಿದ್ದರೆ ಏನಾಗುತ್ತಿತ್ತು ಅವಳಿಗೆ!

ಭಾನುವಾರ ಮಧ್ಯಾಹ್ನ ಮೂರು ಗಂಟೆ. ಜಾಗ, ನಮ್ಮ ಹಳೆಯ ಟಾಕೀಸೇ. ಕಲ್ಯಾಣ ಮಂಟಪದ ಕಾವಲುಗಾರ ದೊಡ್ಡತಿಮ್ಮಪ್ಪ ಆ ದಿನ ಮದುವೆ ಇಲ್ಲವೆಂದು ಬೀಗ ತೆಗೆದುಕೊಟ್ಟಿದ್ದ. ಬಾಡಿಗೆಗೆ ತಂದ ಚಿಕ್ಕ ಪ್ರೊಜೆಕ್ಟರಿನ ಪಕ್ಕ ಇಮಾಮ್ ಸಾಬರು ಒಗೆದ ಬಿಳಿ ಜುಬ್ಬಾ ಹಾಕಿಕೊಂಡು ಕುಳಿತಿದ್ದರು. ಗುಂಡಿ ಒತ್ತುವವಳು ಮಹೇಕ್. ಆದರೂ ಅವರ ಕೈ ಯಂತ್ರದ ಮೇಲೆಯೇ ಇತ್ತು. ಬಸಮ್ಮ, ಶಿವಗಂಗಮ್ಮ, ಬೃಂದಾ, ಓಣಿಯವರು, ದೊಡ್ಡತಿಮ್ಮಪ್ಪ ಎಲ್ಲ ಸೇರಿ ಸರಿಯಾಗಿ ಇಪ್ಪತ್ತು ಜನ. ನಾನೇ ಇಪ್ಪತ್ತನೆಯವನು. ಹೆಚ್ಚಿನವರು ನಮ್ಮ ಟಾಕೀಸಿನಲ್ಲೇ ಸಿನಿಮಾ ನೋಡಿ ತಲೆ ನರೆತವರು. ಸುಗ್ರಾ ಮುಂದಿನ ಸಾಲಿನಲ್ಲಿ ಫಾರ್ಮನ್ನು ತೊಡೆಯ ಮೇಲಿಟ್ಟುಕೊಂಡು, ಪೆನ್ನನ್ನು ಅದರ ಮೇಲಿಟ್ಟುಕೊಂಡು ಕುಳಿತಿದ್ದಳು.

ನಾನು ಬಂದವರೆಲ್ಲರ ಫೋನು ಆರಿಸಿದೆ. ನೀರು ಕುಡಿಯುವವರು ಕುಡಿದು ಬರ್ರಿ, ಬಚ್ಚಲಿಗೆ ಹೋಗುವವರು ಈಗಲೇ ಹೋಗಿ ಬರ್ರಿ ಎಂದು ಗದರಿದೆ. "ಮಧ್ಯದಲ್ಲಿ ಯಾರಾದ್ರೂ ಎದ್ರೆ ಕಾಲು ಮುರೀತೀನಿ," ಎಂದು ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಮೂರೂ ಬಾಗಿಲು ಮುಚ್ಚಿ ಚಿಲಕ ಹಾಕಿದೆ. ಅದೇ ಹಳೆಯ ಕಬ್ಬಿಣದ ಚಿಲಕ. ಕೈಗೆ ಹಿತವಾಯಿತು.

"ಎಷ್ಟು ನಿಮಿಷದ್ದಮ್ಮ?" ಎಂದು ಮಹೇಕಳನ್ನು ಕೇಳಿದೆ.

"ಹೇಳಲ್ಲ ತಾತ. ಹೇಳಿದ್ರೆ ಎಲ್ರೂ ಟೈಮ್ ನೋಡ್ಕಂತ ಕುಂತ್ಕಂತೀರ."

ಬಾಗಿಲ ಪಕ್ಕದ ಕೊನೆಯ ಕುರ್ಚಿಯಲ್ಲಿ ಕುಳಿತೆ. ಕಾವಲು ಕಾಯುವವನು ಇನ್ನೆಲ್ಲಿ ಕೂರುತ್ತಾನೆ?

ಸಿನಿಮಾ ಶುರುವಾಯಿತು. ಹಿರಿಯೂರು ಪಕ್ಕದ ಆದಿವಾಲದ ಒಬ್ಬ ಮುದುಕಿ. ಆ ಪಾರ್ಟು ಮಾಡಿದ್ದವಳು ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವ ಹುಚ್ಚಕ್ಕ. ಮುದುಕಿಗೆ ಹೊಳಲ್ಕೆರೆಯಲ್ಲಿ ತಂಗಿ ಇದ್ದಾಳೆ, ಇಬ್ಬರಿಗೂ ಒಂಬತ್ತು ವರ್ಷದಿಂದ ಮಾತಿಲ್ಲ. ತಂಗಿಯ ಟಿವಿ ಕೆಟ್ಟಿದೆ, ಧಾರಾವಾಹಿ ನೋಡಲು ಪಕ್ಕದವರ ಹೊಸ್ತಿಲ ಮೇಲೆ ಹೋಗಿ ಕೂರುತ್ತಾಳಂತೆ ಎಂದು ಯಾರೋ ಸುದ್ದಿ ಹೇಳುತ್ತಾರೆ. ಮುದುಕಿ ರಾತ್ರಿಯೆಲ್ಲ ಯೋಚಿಸಿ, ಬೆಳಗ್ಗೆ ತನ್ನ ಟಿವಿಯನ್ನು ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತುತ್ತಾಳೆ. ಬಸ್ಸಿನಲ್ಲಿ ಕೇಳದವರಿಲ್ಲ. ಒಬ್ಬರಿಗೆ ರಿಪೇರಿಗೆ ಎನ್ನುತ್ತಾಳೆ. ಇನ್ನೊಬ್ಬರಿಗೆ ಮೊಮ್ಮಗಳ ಮದುವೆಗೆ ಎನ್ನುತ್ತಾಳೆ. ಕಂಡಕ್ಟರಿಗೆ, "ಇದು ಟಿವಿ ಅಲ್ಲಪ್ಪ, ದೇವ್ರ ಫೋಟೊ, ಲಗೇಜು ಹಾಕ್ಬ್ಯಾಡ," ಎನ್ನುತ್ತಾಳೆ.

ಜನ ಬಿದ್ದು ಬಿದ್ದು ನಕ್ಕರು. ಬಸಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಾನು ಮೊದಮೊದಲು ಜನರನ್ನೇ ಕಾಯುತ್ತಿದ್ದೆ. ಯಾರು ಅಲ್ಲಾಡಿದರು, ಯಾರು ಆಕಳಿಸಿದರು ಎಂದು ಸಾಲು ಸಾಲು ನೋಡುತ್ತಿದ್ದೆ. ಎರಡನೆಯ ಬಸ್ಸು ಬರುವ ಹೊತ್ತಿಗೆ ಅದನ್ನು ಬಿಟ್ಟೆ. ಹುಚ್ಚಕ್ಕ ಹೊಳಲ್ಕೆರೆಯಲ್ಲಿ ಇಳಿದು, ಬಿಸಿಲಲ್ಲಿ ಟಿವಿ ಹೊತ್ತು, ಅಲ್ಲಲ್ಲಿ ನಿಂತು ಉಸಿರು ಬಿಟ್ಟು, ತಂಗಿಯ ಓಣಿಗೆ ಬಂದಳು. ತಂಗಿಯ ಮನೆಯ ಬಾಗಿಲು ಮುಚ್ಚಿದೆ. ತಟ್ಟಬೇಕೆಂದರೆ ಎರಡೂ ಕೈಯಲ್ಲಿ ಟಿವಿ. ಕೆಳಗಿಡಲೂ ಮನಸ್ಸಿಲ್ಲ. ನಿಂತಳು. ಸ್ವಲ್ಪ ಹೊತ್ತಾದ ಮೇಲೆ ಕಾಲಿನ ಹೆಬ್ಬೆರಳಿನಿಂದ ಬಾಗಿಲನ್ನು ಮೆಲ್ಲಗೆ ಒದ್ದಳು.

ಖಣ್ ಎಂದಿತು.

ಸಿನಿಮಾದ ಬಾಗಿಲಲ್ಲ, ನನ್ನದು. ಯಾವಾಗ ಎದ್ದೆನೋ, ಯಾವಾಗ ಚಿಲಕ ಎಳೆದೆನೋ ದೇವರಾಣೆ ನನಗೆ ಗೊತ್ತಿಲ್ಲ. ಬಾಗಿಲು ಹಾರುಹೊಡೆದಿತ್ತು. ಹಿಂದಿನ ಕಾಲದ ಬಾಗಿಲ ಪರದೆಗಳನ್ನು ಮದುವೆ ಮಂಟಪದವರು ಯಾವತ್ತೋ ಕಿತ್ತು ಹಾಕಿದ್ದರು. ಪಡುವಣದ ಬಿಸಿಲು ನೇರವಾಗಿ ನುಗ್ಗಿ ಬಿಳಿಯ ಪರದೆಯ ಮೇಲೆ ಬಿತ್ತು. ಹುಚ್ಚಕ್ಕ ಮಾಯವಾದಳು. ಅಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಆ ಚಿಲಕದ ಸದ್ದು ಕೇಳಿ ಬೆಳೆದ ಜನ, ಸಿನಿಮಾ ಮುಗಿಯಿತೆಂದು ಸಾಲು ಸಾಲಾಗಿ ಎದ್ದು ನಿಂತು ಕಾಲಲ್ಲಿ ಚಪ್ಪಲಿ ಹುಡುಕತೊಡಗಿದರು. ಬಸಮ್ಮ ಎದ್ದಳು. ದೊಡ್ಡತಿಮ್ಮಪ್ಪ ಎದ್ದ. ಶಿವಗಂಗಮ್ಮ ಬುಟ್ಟಿ ಎತ್ತಿಕೊಂಡಿದ್ದಳು.

ಮಹೇಕ್ ಗುಂಡಿ ಒತ್ತಿ ಸಿನಿಮಾ ನಿಲ್ಲಿಸಿದಳು. ತಿರುಗಿ ನನ್ನನ್ನು ನೋಡಿದಳು. ಅಷ್ಟು ನಾಚಿಕೆ ನನಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ. ಭೂಮಿ ಬಾಯಿ ಬಿಡಲಿ ಎನಿಸಿತು.

"ಎದ್ರಲ್ಲ," ಎಂದಳು ಸುಗ್ರಾ. ಅವಳ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. "ಒಬ್ರಲ್ಲ, ಎಲ್ರೂ ಎದ್ರು. ಕಾಯಾಕೆ ನಿಂತಿದ್ದ ಮಾಮಾನೇ ಮೊದ್ಲು ಎದ್ರು." ಫಾರ್ಮನ್ನು ಎರಡು ಮಡಿಕೆ ಮಾಡಿದಳು.

"ಸುಗ್ರಾ, ನಂದು ತಪ್ಪು ಕಣಮ್ಮ. ಕಾಲು... ಅಭ್ಯಾಸ..." ಎಂದೆ.

ಆಗ ಇಮಾಮ್ ಸಾಬರು ಎದ್ದರು. ಮಗಳ ಮುಂದೆ ಏಳದ ಬಾಯಿ ಅವತ್ತು ಎದ್ದಿತು.

"ಆ ಫಾರ್ಮು ಮಡಚ್ಬ್ಯಾಡ. ಒಂದು ಮಾತು ಕೇಳು. ಈ ಪಾಪಣ್ಣನ ಜೊತೆ ಮೂವತ್ತೊಂದು ವರ್ಷ ಕೆಲ್ಸ ಮಾಡೀನಿ. ಇವ್ನು ಗಡಿಯಾರ ನೋಡಿ ಎದ್ದೋನಲ್ಲ. ಇವ್ನ ಕೈಯಾಗೆ ಗಡಿಯಾರ ಯಾವತ್ತು ಇತ್ತು? ಸಿನಿಮಾ ಚೆನ್ನಾಗಿದ್ರೆ ಸರಿಯಾಗಿ ಕೊನೆಗೆ ಏಳ್ತಿದ್ದ. ಕೆಟ್ಟ ಸಿನಿಮಾ ಆದ್ರೆ ಬಾಗ್ಲಿಗೊರಗಿ ನಿದ್ದೆ ಹೊಡೀತಿದ್ದ. ನಾನು ಮೇಲಿಂದ ಓಡಿ ಬಂದು ಒದ್ದು ಎಬ್ಬಿಸ್ಬೇಕಿತ್ತು. ಇಲ್ಲ ಅನ್ನು ನೋಡಾನ, ಪಾಪಣ್ಣ!"

ನಿಜವೇ. ಮಾಲೀಕರಿಂದ ಬೈಸಿಕೊಂಡದ್ದು ಆ ಕಾರಣಕ್ಕೇ, ಒಂದಲ್ಲ, ಹತ್ತಾರು ಸಲ.

"ಇವತ್ತು ಎಷ್ಟು ನಿಮಿಷದ್ದು ಅಂತ ಯಾರೂ ಹೇಳಿಲ್ಲ. ಕೊನೆ ಎಲ್ಲೈತೆ ಅಂತ ಹೇಳಿಲ್ಲ. ಮಹೇಕ್, ಇನ್ನೆಷ್ಟು ಉಳಿದೈತೆ?"

"ಎರಡೂವರೆ ನಿಮಿಷ, ನಾನಾ."

"ನೋಡು. ಎರಡೂವರೆ ನಿಮಿಷ. ಮೂರು ಬಾಗ್ಲು ತೆಗಿಯಾಕೆ ಸರೀ ಹಿಡಿಯೋದು ಅಷ್ಟೇ. ಮೂರು ಗಂಟೆ ಸಿನಿಮಾ ಮಾಡೋ ಎಷ್ಟೋ ದೊಡ್ಡ ದೊಡ್ಡೋರಿಗೇ ಇವನ್ನ ಎಬ್ಸಾಕೆ ಆಗ್ಲಿಲ್ಲ. ನಿನ್ ಮಗ್ಳು ಎಬ್ಬಿಸ್ಯಾಳೆ."

ಸುಗ್ರಾ ತಂದೆಯನ್ನು ನೋಡಿದಳು, ನನ್ನನ್ನು ನೋಡಿದಳು. ಟೇಪು ಹಿಡಿಯದೆ ಕಣ್ಣಳತೆಯಲ್ಲೇ ರವಿಕೆ ಕತ್ತರಿಸುವ ಹೆಂಗಸು ಅವಳು. ಕೈಗೂ ಕಾಲಿಗೂ ತಮ್ಮದೇ ಬುದ್ಧಿ ಇರುತ್ತದೆ ಎಂದು ಅವಳಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಮಡಿಚಿದ ಫಾರ್ಮನ್ನು ತೊಡೆಯ ಮೇಲೆ ಬಿಡಿಸಿ ಅಂಗೈಯಿಂದ ಉಜ್ಜಿದಳು.

"ಸರಿ. ಉಳಿದಿದ್ದು ತೋರ್ಸು. ಪಾಪಣ್ಣ ಮಾಮ, ಬಾಗ್ಲು ಹಾಕಿ ಇಲ್ ಬರ್ರಿ. ನನ್ ಪಕ್ಕ ಕುಂತ್ಕಳ್ರಿ. ಈ ಸಲ ಎದ್ರೆ ಫಾರ್ಮು ಹರೀತೀನಿ. ಅಬ್ಬಾ ಏನಂದ್ರೂ ಕೇಳಲ್ಲ."

ಬಾಗಿಲು ಹಾಕಿ ಚಿಲಕ ಬಿಗಿದು ಮುಂದಿನ ಸಾಲಿಗೆ ಬಂದೆ. ಒಂದು ಕಡೆ ಸುಗ್ರಾ, ಇನ್ನೊಂದು ಕಡೆ ಶಿವಗಂಗಮ್ಮ. ಹಿಂದಿನಿಂದ ಬಸಮ್ಮ ನನ್ನ ಅಂಗಿಯ ಕಾಲರು ಹಿಡಿದುಕೊಂಡಳು. ಅಷ್ಟು ಜನರ ಎದುರಿಗೆ!

ಹುಚ್ಚಕ್ಕ ಮತ್ತೆ ಬಾಗಿಲ ಮುಂದೆ ನಿಂತಳು. ಮತ್ತೆ ಹೆಬ್ಬೆರಳಿನಿಂದ ಒದ್ದಳು. ನನ್ನ ಮೀನಖಂಡ ಸೆಟೆದುಕೊಂಡಿತು. ಕುರ್ಚಿಯ ಎರಡೂ ಕೈ ಹಿಡಿದೆ. ಶಿವಗಂಗಮ್ಮ ನನ್ನ ಪಾದದ ಮೇಲೆ ತನ್ನ ಪಾದವಿಟ್ಟು ಬಲವಾಗಿ ಒತ್ತಿದಳು. ಬಾಗಿಲು, ಪಾಪಣ್ಣ, ಬಾಗಿಲು, ಎಂದು ನನ್ನೊಳಗಿನಿಂದ ಯಾರೋ ಕೂಗುತ್ತಿದ್ದ ಹಾಗಿತ್ತು.

ಆಗ ಆ ಬಾಗಿಲು ತೆರೆಯಿತು. ನಾನು ತೆರೆಯದೆಯೇ.

ತಂಗಿ ನಿಂತಿದ್ದಳು. ಅಕ್ಕನನ್ನು ನೋಡಿದಳು, ಕಂಬಳಿಯೊಳಗಿನ ಟಿವಿಯನ್ನು ನೋಡಿದಳು. ಮಾತಿಲ್ಲ. ಅಕ್ಕನೂ ಆಡಲಿಲ್ಲ. ತಂಗಿ ಮುಂದೆ ಬಂದು ಟಿವಿಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಒಳಗೆ ಒಯ್ಯಲು ಹೋದರು. ಟಿವಿ ಅಡ್ಡಡ್ಡ, ಬಾಗಿಲು ಕಿರಿದು. ಸಿಕ್ಕಿಕೊಂಡಿತು. ಅತ್ತ ಎಳೆದರು, ಇತ್ತ ಎಳೆದರು. ಆಮೇಲೆ, ಒಂಬತ್ತು ವರ್ಷದ ಮೇಲೆ, ತಂಗಿ ಅಕ್ಕನಿಗೆ ಹೇಳಿದ ಮೊದಲ ಮಾತು: "ನಿನ್ ಕಡೆ ಒಸಿ ಎತ್ತೇ."

ಅಕ್ಕ ಎತ್ತಿದಳು. ಟಿವಿ ಒಳಗೆ ಹೋಯಿತು, ಇಬ್ಬರೂ ಹೋದರು. ಬಾಗಿಲನ್ನು ಯಾರೂ ಹಾಕಲಿಲ್ಲ. ಖಾಲಿ ಬಾಗಿಲನ್ನೇ ತೋರಿಸುತ್ತಿದ್ದಂತೆ ಒಳಗಿನಿಂದ ಧಾರಾವಾಹಿಯ ಶುರುವಿನ ಸಂಗೀತ ಕೇಳಿತು, ಅದರ ಮೇಲೆ ಇಬ್ಬರು ಮುದುಕಿಯರು ಅದರೊಳಗಿನ ಸೊಸೆಯನ್ನು ಬಾಯ್ತುಂಬ ಬೈಯುವುದು ಕೇಳಿತು. ಸಿನಿಮಾ ಮುಗಿಯಿತು.

ಮೂವತ್ತೊಂದು ವರ್ಷ ಬಾಗಿಲ ಹೊರಗೆ ನಿಂತು ನಾನು ಮುಖಗಳನ್ನು ನೋಡಿದ್ದೆ. ಕಣ್ಣು ಒರೆಸಿಕೊಂಡು ನಗುತ್ತಾ ಬರುವ ಮುಖ, ಬಿಸಿಲಿಗೆ ಬಂದರೂ ಇನ್ನೂ ಒಳಗೇ ಇರುವ ಮುಖ. ಇವರಿಗೆಲ್ಲ ಏನಾಗಿದೆಯಪ್ಪ ಎಂದು ಒಳಗೊಳಗೇ ಹೊಟ್ಟೆಯುರಿದುಕೊಂಡದ್ದೂ ಉಂಟು. ಅದು ಏನೆಂದು ಅವತ್ತು ಗೊತ್ತಾಯಿತು.

"ಎಂಗಿತ್ತು, ಮಾಮ?" ಎಂದಳು ಸುಗ್ರಾ. ಅವಳ ಕಣ್ಣೂ ಒದ್ದೆಯಾಗಿತ್ತು, ಆದರೆ ಅವಳು ನೋಡುತ್ತಿದ್ದದ್ದು ನನ್ನನ್ನು.

ಎಲ್ಲದಕ್ಕೂ ಅಭಿಪ್ರಾಯವಿರುವ ಪಾಪಣ್ಣನಿಗೆ ಒಂದು ಅಕ್ಷರ ಹೊರಡಲಿಲ್ಲ. ಮುಖ ಒರೆಸಿಕೊಳ್ಳಲು ಟವೆಲ್ಲು ಹುಡುಕಿದೆ.

"ಸಾಕು ಬಿಡ್ರಿ, ಗೊತ್ತಾಯ್ತು," ಎಂದು ಅವಳು ತೊಡೆಯ ಮೇಲೆಯೇ ಫಾರ್ಮಿಟ್ಟುಕೊಂಡು ಸಹಿ ಹಾಕಿದಳು. ಮಹೇಕ್ ಓಡಿ ಬಂದು ಅವಳ ಕುತ್ತಿಗೆಗೆ ಜೋತುಬಿದ್ದಳು. ಇಮಾಮ್ ಸಾಬರು, ಬಿಸಿಯಾಗಿದೆಯೋ ಎಂದು ಪ್ರೊಜೆಕ್ಟರಿನ ಬೆನ್ನು ಮುಟ್ಟಿ ನೋಡುತ್ತಿದ್ದರು.

ಹಿಂದಿನಿಂದ ಗದ್ದಲ ಕೇಳಿತು. ತಿರುಗಿ ನೋಡಿದರೆ ಓಣಿಯವರೆಲ್ಲ ಚಪ್ಪಲಿ ಮೆಟ್ಟಿಕೊಂಡು ಮುಚ್ಚಿದ ಬಾಗಿಲ ಮುಂದೆ ಗುಂಪುಗೂಡಿ ನಿಂತಿದ್ದರು. ಚಿಲಕ ಕೈಗೆ ಎಟಕುವಷ್ಟು ಹತ್ತಿರದಲ್ಲಿತ್ತು, ಒಬ್ಬರೂ ಮುಟ್ಟಿರಲಿಲ್ಲ. ಇಷ್ಟು ವರ್ಷ ಅದನ್ನು ತೆಗೆದವನು ನಾನು ತಾನೇ.

"ಪಾಪಣ್ಣೋ, ಬಾಗ್ಲು!" ಎಂದು ದೊಡ್ಡತಿಮ್ಮಪ್ಪ ಕೂಗಿದ.

ನಾನು ಕುರ್ಚಿಯಲ್ಲಿ ಇನ್ನಷ್ಟು ಒರಗಿ ಕುಳಿತೆ.

"ನೀವೇ ತೆಕ್ಕಳ್ರಪ್ಪ," ಎಂದೆ. "ನಾನು ಸಿನಿಮಾ ನೋಡಾಕೆ ಬಂದೀನಿ."